ಡೈ ಇಂಜೆಕ್ಷನ್ ಕೊಡೋ ಮುಂಚೆ ನಾನು ಏನೇನು ಕೇಳ್ತೀನಿ

ಮಡಿಕೇರಿಲಿ ಸಿಟಿ ಸ್ಕ್ಯಾನ್ ಟೆಕ್ನಿಷಿಯನ್ ಆಗಿ ಕೆಲಸ ಮಾಡ್ತಿದೀನಿ. ಕಾಂಟ್ರಾಸ್ಟ್ ಸಿಟಿ (ಡೈ ಹಾಕಿ ಮಾಡೋ ಸ್ಕ್ಯಾನ್) ಅಂತ ಚೀಟಿ ಹಿಡ್ಕೊಂಡು ಬರೋರಲ್ಲಿ ತುಂಬ ಜನಕ್ಕೆ ಮೆಷಿನ್ ಭಯ ಇರಲ್ಲ, ಆ ಡೈ ಇಂಜೆಕ್ಷನ್ ಭಯ. ನನ್ನ ಕೇಳಿದ್ರೆ ಈ ಕೆಲಸದ ಮುಖ್ಯ ಭಾಗ ಪೇಷೆಂಟ್ ಟೇಬಲ್ ಮೇಲೆ ಮಲಗೋ ಮುಂಚೆನೇ ಇರೋದು.

ಡೈ ಯಾಕೆ ಬೇಕು ಅಂದ್ರೆ, ಸುಮ್ನೆ ಸ್ಕ್ಯಾನ್ ಮಾಡಿದ್ರೆ ಲಿವರ್, ಅದ್ರೊಳಗಿನ ಗೆಡ್ಡೆ, ರಕ್ತನಾಳ ಎಲ್ಲಾ ಹೆಚ್ಚುಕಮ್ಮಿ ಒಂದೇ ಬೂದು ಬಣ್ಣದಲ್ಲಿ ಕಾಣುತ್ತೆ. ಡೈನಲ್ಲಿರೋ ಅಯೋಡಿನ್ ಎಕ್ಸ್‌ರೇನ ಚೆನ್ನಾಗಿ ತಡೆಯುತ್ತೆ, ಹಾಗಾಗಿ ರಕ್ತ ಎಲ್ಲೆಲ್ಲಿ ಹೋಗುತ್ತೋ ಅಲ್ಲೆಲ್ಲ ಬೆಳ್ಳಗಾಗುತ್ತೆ. ಇಂಜೆಕ್ಷನ್ ಶುರುವಾಗಿ ಸುಮಾರು 30 ಸೆಕೆಂಡಿಗೆ ಶುದ್ಧ ರಕ್ತದ ನಾಳ ಚೆನ್ನಾಗಿ ಕಾಣುತ್ತೆ, 70ರ ಹತ್ರ ಲಿವರ್. ಎಂಆರ್‌ಐಲಿ ಹಾಕೋದು ಗ್ಯಾಡೋಲಿನಿಯಂ, ಅದು ಬೇರೆನೇ. ಕುಡಿಸೋ ಬೇರಿಯಂ ರಕ್ತಕ್ಕೆ ಸೇರೋದೇ ಇಲ್ಲ.

ಇನ್ನು ಪ್ರಶ್ನೆಗಳು. ಈ ಡೈ ಕಿಡ್ನಿ ಮೂಲಕನೇ ಹೊರಗೆ ಹೋಗೋದು, ಅದಕ್ಕೆ ಕ್ರಿಯಾಟಿನಿನ್ ರಿಪೋರ್ಟ್, ಅಂದ್ರೆ ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತಿಳಿಸೋ ರಕ್ತ ಪರೀಕ್ಷೆ, ಮೊದ್ಲು ನೋಡ್ತೀನಿ. ಆಮೇಲೆ ನೋವಿನ ಮಾತ್ರೆ ಕೇಳ್ತೀನಿ. ತೋಟದಲ್ಲಿ ಕೆಲಸ ಮಾಡೋರು ಮಂಡಿನೋವು ಸೊಂಟನೋವು ಅಂತ ಅಂಗಡಿ ಮಾತ್ರೆ ತಿಂಗಳುಗಟ್ಟಲೆ ನುಂಗಿರ್ತಾರೆ, "ಯಾವ ಮಾತ್ರೆನೂ ಇಲ್ಲ" ಅಂತಾನೇ ಹೇಳ್ತಾರೆ, ಅವರ ಲೆಕ್ಕದಲ್ಲಿ ಅದು ಔಷಧಿನೇ ಅಲ್ಲ, ಆದ್ರೆ ಕಿಡ್ನಿಗೆ ಪೆಟ್ಟು ಕೊಡೋದು ಅದೇ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳೋರದ್ದು ಕಿಡ್ನಿ ವೀಕ್ ಇದ್ರೆ ಸ್ಕ್ಯಾನ್ ಆದ್ಮೇಲೆ 48 ಗಂಟೆ ನಿಲ್ಲಿಸೋಕೆ ಹೇಳೋದುಂಟು, ಅದನ್ನ ಡಾಕ್ಟ್ರೇ ತೀರ್ಮಾನ ಮಾಡ್ಬೇಕು.

ಭಾಗಮಂಡಲ ಕಡೆಯಿಂದ ಫಸ್ಟ್ ಬಸ್ಸಿಗೆ ಬರೋ ಎಷ್ಟೋ ಜನ ಹಿಂದಿನ ರಾತ್ರಿಯಿಂದ ಒಂದು ಗುಟುಕು ನೀರೂ ಕುಡಿದಿರಲ್ಲ. ದಯವಿಟ್ಟು ಹಾಗೆ ಮಾಡ್ಬೇಡಿ. ಊಟ ಬಿಡೋಕೆ ಹೇಳಿದ್ರೂ, ನೀರು ಬೇಡ ಅಂತ ಸ್ಪಷ್ಟವಾಗಿ ಹೇಳದಿದ್ರೆ ನೀರು ಕುಡೀರಿ.

ಮಳೆಗಾಲದಲ್ಲಿ ಇಲ್ಲಿ ಏಡಿ ತಿನ್ನೋರು ಜಾಸ್ತಿ. "ಏಡಿ ತಿಂದ್ರೆ ಮೈಯೆಲ್ಲ ಗಂಧೆ ಏಳುತ್ತೆ, ಡೈ ಹಾಕಬಹುದಾ" ಅಂತ ಕೇಳ್ತಾರೆ. ಆ ಅಲರ್ಜಿ ಏಡಿಯ ಪ್ರೋಟೀನಿಗೆ ಬರೋದು, ಅಯೋಡಿನ್‌ಗೆ ಅಲ್ಲ, ಅದೊಂದೇ ಕಾರಣಕ್ಕೆ ಡೈ ಬೇಡ ಅನ್ನೋ ಹಾಗಿಲ್ಲ. ನನಗೆ ಮುಖ್ಯವಾಗಿ ಬೇಕಿರೋದು ಮುಂಚೆ ಇದೇ ಡೈ ಹಾಕಿದಾಗ ಏನಾದ್ರೂ ಆಗಿತ್ತಾ, ಆಸ್ತಮಾ ಇದೆಯಾ ಅನ್ನೋದು.

ಜುಲೈ ಚಳಿಯಲ್ಲಿ ಇನ್ನೊಂದು ಕಷ್ಟ, ಡೈ ಜೇನಿನ ಥರ ಗಟ್ಟಿಯಾಗಿರುತ್ತೆ, ಪೇಷೆಂಟ್ ಕೈನ ನರಾನೂ ಸಿಗಲ್ಲ. ಬಾಟಲಿನ ವಾರ್ಮರ್‌ನಲ್ಲಿ 37 ಡಿಗ್ರಿಗೆ ಇಡ್ತೀವಿ, ಕೈಗೆ ಬಿಸಿ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಕೂರಿಸ್ತೀನಿ. ಇಂಜೆಕ್ಟರ್ ಸೆಕೆಂಡಿಗೆ 3-4 ಎಂಎಲ್ ತಳ್ಳುತ್ತೆ, ಅಂಗೈ ಹಿಂದಿನ ಸಣ್ಣ ನರ ತಡೆಯೋದು ಕಷ್ಟ, ಅದಕ್ಕೆ ಮೊಣಕೈ ಮಡಿಕೆಯಲ್ಲೇ ಹುಡುಕಿ ಹಸಿರು ಇಲ್ಲಾ ಪಿಂಕ್ ವೆನ್‌ಫ್ಲಾನ್ (ನರದೊಳಗೆ ಇಡೋ ಸಣ್ಣ ಪ್ಲಾಸ್ಟಿಕ್ ಕೊಳವೆ, ಬಣ್ಣ ಅದರ ಸೈಜ್ ಹೇಳುತ್ತೆ) ಹಾಕಿ, ಮೊದ್ಲು ಸಲೈನ್ ಬಿಟ್ಟು, ಚರ್ಮದ ಮೇಲೆ ಬೆರಳಿಟ್ಟು ಊದ್ಕೊಳ್ತಾ ಇದೆಯಾ ನೋಡ್ತೀನಿ. ಊದಿದ್ರೆ ಅಲ್ಲಿಗೇ ನಿಲ್ಸಿ ಬೇರೆ ನರ.

ಆಮೇಲೆ ಹೇಳ್ತೀನಿ, "ಅಜ್ಜಿ, ಮೈಯೆಲ್ಲ ಬಿಸಿ ಆಗುತ್ತೆ, ಬಾಯಲ್ಲಿ ಕಬ್ಬಿಣದ ರುಚಿ ಬರುತ್ತೆ, ಉಚ್ಚೆ ಹೋದಂಗೆ ಅನ್ಸುತ್ತೆ, ಹೋಗಿರಲ್ಲ, ಗಾಬರಿ ಆಗ್ಬೇಡಿ." ಈ ಒಂದು ಮಾತು ಹೇಳದಿದ್ರೆ ಸರಿಯಾಗಿ ಆ ಸೆಕೆಂಡಿಗೇ ಎದ್ದು ಕೂರ್ತಾರೆ, ಫೋಟೊ ಎಲ್ಲಾ ಅಲುಗಾಡಿ ಹೋಗುತ್ತೆ. ಉಸಿರು ಹಿಡಿಯೋದನ್ನೂ ಒಂದೆರಡು ಸಲ ಪ್ರಾಕ್ಟೀಸ್ ಮಾಡಿಸ್ತೀನಿ.

ಸ್ಕ್ಯಾನ್ ಮುಗಿದ ತಕ್ಷಣ ವೆನ್‌ಫ್ಲಾನ್ ತೆಗೀರಿ, ಬಸ್ ಹೋಗುತ್ತೆ ಅಂತಾರೆ. ತೆಗೆಯಲ್ಲ. ಜೋರು ರಿಯಾಕ್ಷನ್ ಬಂದ್ರೆ ಹೆಚ್ಚಾಗಿ ಮೊದಲ ಅರ್ಧ ಗಂಟೆ ಒಳಗೇ ಬರೋದು, ಅಷ್ಟು ಹೊತ್ತು ನನ್ನ ಕಣ್ಣೆದುರಿಗೇ ಕೂತಿರ್ಬೇಕು, ಗಂಟಲು ಬಿಗಿದ್ರೆ ಮೈ ತುರಿಸಿದ್ರೆ ಹೇಳ್ಬೇಕು, ಜೋರು ಅಲರ್ಜಿಗೆ ಕೊಡೋ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲೇ ರೆಡಿ ಇರುತ್ತೆ. ಮನೆಗೆ ಹೋಗಿ ದದ್ದು ಎದ್ರೂ ಫೋನ್ ಮಾಡಿ, ಮತ್ತೆ ಮುಂದಿನ ಸಲ ಎಲ್ಲಿ ಸ್ಕ್ಯಾನ್ ಮಾಡಿಸಿದ್ರೂ ಆ ಹಳೇ ಫೈಲ್ ತಗೊಂಡು ಹೋಗಿ ತೋರ್ಸಿ.