ಫ್ಲ್ಯಾಟ್ ನೋಡುವುದಾದರೆ ಆಟಿಯ ಮಳೆಯಲ್ಲಿ ನೋಡಿ

ಮಂಗಳೂರಿನಲ್ಲಿ ಜನ ಮನೆ ನೋಡಲು ಹೊರಡುವುದು ದೀಪಾವಳಿ ಕಳೆದ ಮೇಲೆ. ಒಳ್ಳೆ ಬಿಸಿಲು, ಹೊಸ ಪೇಂಟಿನ ವಾಸನೆ, ಬಾಲ್ಕನಿಯಿಂದ ತೆಂಗಿನ ತಲೆಗಳು. ಅಡ್ವಾನ್ಸ್ ಕೊಟ್ಟು ಬರುತ್ತಾರೆ. ನಮ್ಮ ಭಾವನೂ ಹಾಗೇ ಮಾಡಿದ್ದು. ಜನವರಿಯಲ್ಲಿ ಒಕ್ಕಲು ಆಯಿತು. ಜುಲೈಯಲ್ಲಿ ಅಕ್ಕನ ಫೋನ್: "ಕಪಾಟಿನಲ್ಲಿದ್ದ ಧಾರೆ ಸೀರೆಗೆ ಬೂಸ್ಟು ಹಿಡಿದಿದೆ ಮಾರಾಯ!"

ಮೊದಲು ದುಡ್ಡಿನ ಲೆಕ್ಕ. ಇದು ಸುಲಭ. ಬೆಲೆ 45 ಲಕ್ಷ ದಾಟಿದರೆ ಸ್ಟ್ಯಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ಸು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2. ಅಂದರೆ 60 ಲಕ್ಷದ ಫ್ಲ್ಯಾಟಿಗೆ ಹೆಚ್ಚುಕಡಿಮೆ ನಾಲ್ಕೂವರೆ ಲಕ್ಷ ಬೇರೆ ಇಟ್ಟುಕೊಳ್ಳಿ.

ಆಮೇಲೆ ಜಾಗ. ಕೊಟ್ಟಾರ ಚೌಕಿ, ಪಂಪ್‌ವೆಲ್ ಕಡೆಯ ತಗ್ಗಿನಲ್ಲಿ ನೋಡುತ್ತಿದ್ದರೆ 2018ರ ಮೇ 29 ನೆನಪು ಮಾಡಿಕೊಳ್ಳಿ. ಅವತ್ತು ಒಂದೇ ದಿನದ ಮಳೆಗೆ ರಸ್ತೆಗಳೆಲ್ಲ ತೋಡಾಗಿದ್ದವು. ನನ್ನ ಮಟ್ಟಿಗೆ ಗುಡ್ಡೆಯ ಮೇಲಿನ ಹಳೇ ಫ್ಲ್ಯಾಟೇ ತಗ್ಗಿನ ಹೊಸ ಫ್ಲ್ಯಾಟಿಗಿಂತ ವಾಸಿ.

ಇನ್ನು ಜನ ಎಡವುವ ಜಾಗಕ್ಕೆ ಬರೋಣ: ಮನೆ ನೋಡುವುದು. ಆಟಿಯಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳಲ್ಲಿ, ಮೂರು ದಿನ ಬಿಡದೆ ಮಳೆ ಹೊಡೆದ ಮಾರನೇ ದಿನ ಹೋಗಿ. ಬ್ರೋಕರ್ "ಮಳೆ ನಿಲ್ಲಲಿ ಸಾರ್" ಅನ್ನುತ್ತಾನೆ, ಕೇಳಬೇಡಿ. ಒಂದು ಟಾರ್ಚ್ ಹಿಡಿದುಕೊಳ್ಳಿ. ಹಾಲ್, ಕಿಚನ್ ಸುಮ್ನೆ ದಾಟಿ, ಸೀದಾ ಪಡು (ಪಶ್ಚಿಮದ) ಗೋಡೆಗೆ ಹೋಗಿ. ನಮ್ಮಲ್ಲಿ ಮಳೆ ಮೇಲಿಂದ ಸುರಿಯುವುದಕ್ಕಿಂತ ಜಾಸ್ತಿ ಸಮುದ್ರದ ಕಡೆಯಿಂದ ಅಡ್ಡ ಹೊಡೆಯುತ್ತದೆ, ಅಲ್ವಾ? ಟಾರ್ಚನ್ನು ಗೋಡೆಗೆ ನೇರ ಬಿಡಬೇಡಿ, ಗೋಡೆಗೆ ಒರಗಿಸಿ ಹಿಡಿಯಿರಿ. ಪುಟ್ಟಿಯ ಉಬ್ಬು, ಪೇಂಟಿನ ಗುಳ್ಳೆ ಎಲ್ಲ ನೆರಳಾಗಿ ಎದ್ದು ಕಾಣುತ್ತವೆ. ಕಿಟಕಿಯ ಕೆಳಗಿನ ಎರಡು ಮೂಲೆಗೆ ಅಂಗೈ ಇಡಿ. ತಣ್ಣಗೆ, ಜಿಡ್ಡು ಜಿಡ್ಡಾಗಿದ್ದರೆ ನೀರು ಒಳಗಿದೆ. ಕಪಾಟಿನ ಬಾಗಿಲು ತೆರೆದು ತಲೆ ಒಳಗೆ ಹಾಕಿ ಮೂಸಿ. ನಾಚಿಕೆ ಬೇಡ, ದುಡ್ಡು ನಿಮ್ಮದು. ಬಾತ್‌ರೂಮಿನ ಛಾವಣಿ ನೋಡಿ. ಅಲ್ಲಿ ಹಳದಿ ಉಂಗುರ ಇದ್ದರೆ ಸೋರುತ್ತಿರುವುದು ಮೇಲಿನವರ ಮನೆ, ಜಗಳ ಮಾತ್ರ ನಿಮ್ಮದು. ಎಲ್ಲಕ್ಕಿಂತ ಮೇಲಿನ ಮಹಡಿಯಾದರೆ ಟೆರೇಸಿಗೆ ಹತ್ತಿ. ಶೀಟ್ ಹಾಕಿದ್ದರೆ ಸರಿ. ಇಲ್ಲದಿದ್ದರೆ ನಾನಂತೂ ತೆಗೆದುಕೊಳ್ಳುವುದಿಲ್ಲ.

"ವಾಟರ್‌ಪ್ರೂಫ್ ಪೇಂಟ್ ಹೊಡೆಸಿದ್ದೇವೆ" ಅಂದರೆ ನಂಬಬೇಡಿ. ಹೊರಗಿನ ಬಿರುಕು ಮುಚ್ಚದೆ ಒಳಗಿನಿಂದ ಎಂಥ ದುಬಾರಿ ಪೇಂಟ್ ಬಳಿದರೂ ಎರಡನೇ ಮಳೆಗೆ ಸಿಪ್ಪೆ ಏಳುತ್ತದೆ.

ಇಳಿಯುವಾಗ ವಾಚ್‌ಮನ್ ಹತ್ತಿರ ಒಂದೇ ಪ್ರಶ್ನೆ: "ಮೇ ತಿಂಗಳಲ್ಲಿ ಟ್ಯಾಂಕರ್ ಎಷ್ಟು ಬರ್ತದೆ?" ನಗರದ ನಲ್ಲಿ ನೀರೆಲ್ಲ ತುಂಬೆ ಅಣೆಕಟ್ಟಿನದ್ದು. 2019ರ ಬೇಸಿಗೆಯಲ್ಲಿ ಸರದಿ ಮೇಲೆ ನೀರು ಬಿಟ್ಟಿದ್ದರು. ಕಂಪೌಂಡಿನೊಳಗೆ ಬಾವಿ ಉಂಟೋ ನೋಡಿ. ಉಳ್ಳಾಲದಂಥ ಕಡಲ ಬದಿಯಲ್ಲಾದರೆ ಆ ನೀರನ್ನು ಒಂದು ಗುಟುಕು ಕುಡಿದೂ ನೋಡಿ, ಉಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಕಾಗದಪತ್ರ ವಕೀಲರಿಗೆ ಬಿಡಿ, ಆದರೆ ನಿಮ್ಮದೇ ವಕೀಲರಿಗೆ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಸಾಲದ ಭದ್ರತೆ. ಇ-ಖಾತಾ, ಇಸಿ (ಆಸ್ತಿಯ ಮೇಲೆ ಸಾಲ, ಋಣ ಇದೆಯೇ ತಿಳಿಸುವ ಪತ್ರ), ಕನ್ವರ್ಶನ್ ಆದೇಶ (ಕೃಷಿ ಜಾಗವನ್ನು ಬೇರೆ ಬಳಕೆಗೆ ಬದಲಿಸಿದ ಆದೇಶ), ಹೊಸ ಕಟ್ಟಡವಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇಷ್ಟೂ ಬೇಕು. ಹಳೇ ದಾಖಲೆಯಲ್ಲಿ ಎಲ್ಲಾದರೂ 'ಮೂಲಗೇಣಿ' (ಜಾಗದ ಮೇಲಿನ ಶಾಶ್ವತ ಗೇಣಿ ಹಕ್ಕು) ಅನ್ನುವ ಪದ ಕಂಡರೆ ಅಲ್ಲೇ ನಿಲ್ಲಿ. ಆ ಹಕ್ಕು ಈಗ ಯಾರ ಹೆಸರಲ್ಲಿದೆ ಅನ್ನುವುದು ಗೊತ್ತಾಗುವವರೆಗೆ ಒಂದು ರೂಪಾಯಿ ಕೊಡಬೇಡಿ. ಬಿಲ್ಡರ್ ಹೇಳುವ 'ಸೂಪರ್ ಬಿಲ್ಟ್‌ಅಪ್' ಅಳತೆಯಲ್ಲಿ ಲಿಫ್ಟು, ಮೆಟ್ಟಿಲು ಎಲ್ಲ ಸೇರಿರುತ್ತದೆ. ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ, ಎಷ್ಟು ಅಂತಲೇ ಕೇಳಿ. ಹೊಸ ಕಟ್ಟಡವಾದರೆ ಅಗ್ರಿಮೆಂಟ್ ನೋಂದಣಿ ಆಗುವ ಮೊದಲು ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಹಿಡಿದು ಸರಕಾರಕ್ಕೆ ಕಟ್ಟುವ ಕೆಲಸ ನಿಮ್ಮದು. ಇದನ್ನು ತುಂಬ ಜನ ಮರೆಯುತ್ತಾರೆ, ಆಮೇಲೆ ನೋಟಿಸ್ ಬರುತ್ತದೆ.

ಕೀಲಿಕೈ ಸಿಕ್ಕಿದ ಮೇಲೂ ಒಂದು ಕೆಲಸ ಉಂಟು. ರೇರಾ ಕಾಯ್ದೆಯ ಪ್ರಕಾರ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಮಾಡಬೇಕು. ಆದರೆ ಬಾಯಿಮಾತಿಗೆ ಬೆಲೆ ಇಲ್ಲ. ಭಾವ ಎರಡು ತಿಂಗಳು ಫೋನ್ ಮಾಡಿಯೇ ಕಳೆದ. ಬಂದದ್ದು ಒಬ್ಬ ಹುಡುಗ, ಕೈಯಲ್ಲಿ ಅರ್ಧ ಕೆಜಿ ವೈಟ್ ಸಿಮೆಂಟ್. ಕೊನೆಗೆ ಫೋಟೋ, ತಾರೀಕು ಹಾಕಿ ರಿಜಿಸ್ಟರ್ಡ್ ಪೋಸ್ಟ್ ಕಳಿಸಿದ ಮೇಲೆ ಪಡು ಗೋಡೆಗೆ ಬಿದಿರು ಕಟ್ಟಿದ್ದಾರೆ. ಧಾರೆ ಸೀರೆ ಸದ್ಯಕ್ಕೆ ಅಮ್ಮನ ಮನೆಯ ಟ್ರಂಕಿನಲ್ಲಿದೆ.