ಥ್ರಾಟಲ್ ಅಂದ್ರೆ ಕತ್ತು ಹಿಸುಕೋದು: ನಮ್ಮ ಗ್ಯಾರೇಜಲ್ಲಿ ನಾನು ಕಲಿಸಿದ್ದು ಹೀಗೆ

"ಬೈಕ್ ರಿಪೇರಿ ಮಾಡೋನಿಗೆ ಡಿಕ್ಷನರಿ ಯಾಕಯ್ಯಾ" ಅಂತ ಪಕ್ಕದ ಲೇತ್ ಅಂಗಡಿಯವ್ರು ಎರಡು ವರ್ಷ ಆಡ್ಕೊಂಡ್ರು. ಈಗ ಅವ್ರ ಮಗನ್ನೇ ನನ್ನ ಹತ್ರ ಕೆಲಸ ಕಲಿಯೋಕೆ ಬಿಟ್ಟಿದಾರೆ, ಅದಕ್ಕೇ ಬರೀತಿದೀನಿ.

ಮೊದ್ಲು ಲಾಸ್ ಹೇಳ್ಬಿಡ್ತೀನಿ. ಒಂದು ಯಮಹಾ ಆರ್‌ಎಕ್ಸ್ 100 ಬೈಕ್ ಬಂದಿತ್ತು, ಆಕ್ಸಿಲರೇಟರ್ ಕೈ ಬಿಟ್ರೂ ರೇಸ್ ಇಳೀತಿರ್ಲಿಲ್ಲ. ಹುಡುಗ ಐಡಲ್ ಸ್ಕ್ರೂ, ಅಂದ್ರೆ ಕೈ ಬಿಟ್ಟಾಗ ಇಂಜಿನ್ ಎಷ್ಟು ಓಡ್ಬೇಕು ಅಂತ ಹೊಂದ್ಸೋ ಸ್ಕ್ರೂ, ಬಿಚ್ಚಿ ಬಿಚ್ಚಿ ಹೆಂಗೋ ಸೌಂಡ್ ಇಳಿಸಿ ಡೆಲಿವರಿ ಕೊಟ್ಬಿಟ್ಟ. ಬಿಡದಿ ದಾಟೋ ಅಷ್ಟೊತ್ತಿಗೆ ಇಂಜಿನ್ ಸೀಜ್, ಅಂದ್ರೆ ಬಿಸಿ ಜಾಸ್ತಿಯಾಗಿ ಪಿಸ್ಟನ್ ಒಳಗೇ ಸಿಕ್ಕಾಕ್ಕೊಂಡು ನಿಂತ್ಹೋಯ್ತು. ಬೋರು, ಪಿಸ್ಟನ್ನು, ವಾಪಸ್ ತಂದ ಟೆಂಪೋ ಬಾಡಿಗೆ ಎಲ್ಲಾ ಸೇರಿ ಆರೂವರೆ ಸಾವಿರದ ಮೇಲೇ ನನ್ನ ಜೇಬಿಂದ ಹೋಯ್ತು. ಹುಡುಗನ್ನ ಬೈದೆ, ಆದ್ರೆ ಥ್ರಾಟಲ್ ಅಂದ್ರೆ ಸ್ಪೀಡ್ ಕೊಡೋದು ಕಣೋ ಅಂತ ಹೇಳ್ಕೊಟ್ಟಿದ್ದೇ ನಾನು.

ಆಮೇಲೆ ಒಂದಿನ ಸಾಫ್ಟ್‌ವೇರ್ ಕಸ್ಟಮರ್ ಒಬ್ರು ಸರ್ವೀಸ್‌ಗೆ ಕಾಯ್ತಾ ಫೋನಲ್ಲಿ ಮಾತಾಡ್ತಿದ್ರು, ಸರ್ವರ್‌ಗೆ ಜನ ಜಾಸ್ತಿ ನುಗ್ಗಿದಾರೆ ಥ್ರಾಟಲ್ ಮಾಡಿ ಅಂತ. ಏನ್ ಸಾರ್, ಇನ್ನೂ ರೇಸ್ ಕೊಡ್ತೀರಾ ಅಂದೆ. ಅಯ್ಯೋ ಇಲ್ಲ, ತಡೀರಿ ಅಂತ ಅರ್ಥ ಅಂದ್ರು. ರಾತ್ರಿ ಮಗಳ ಡಿಕ್ಷನರಿ ತೆಗೆದು ನೋಡಿದ್ರೆ ಅವ್ರು ಹೇಳಿದ್ದೇ ಸರಿ. ಥ್ರೋಟ್ ಅಂದ್ರೆ ಗಂಟಲಲ್ವಾ, ಅದ್ರಿಂದ ಹುಟ್ಟಿದ ಪದ, ಕತ್ತು ಹಿಸುಕಿ ಉಸಿರು ಕಟ್ಸೋದು ಅಂತ ಅರ್ಥ. ಇಂಜಿನ್ನು ಹುಟ್ಟೋಕೆ ಎಷ್ಟೋ ಮುಂಚೆಯಿಂದ ಇದೆ, ಸ್ಟೀಮ್ ಪೈಪಿನ ವಾಲ್ವಿಗೆ ಇಟ್ರು, ಅಲ್ಲಿಂದ ಗಾಳಿಗೆ ಪೆಟ್ರೋಲ್ ಬೆರೆಸೋ ಕಾರ್ಬುರೇಟರ್‌ಗೆ ಬಂತು. ಜರ್ಮನ್ನರೂ ಥ್ರಾಟಲ್ ತಟ್ಟೆಗೆ ಡ್ರೊಸೆಲ್‌ಕ್ಲಾಪ್ಪೆ ಅಂತಾರೆ, ಅದ್ರಲ್ಲಿರೋ ಡ್ರೊಸೆಲ್ಲೂ ಕತ್ತು ಹಿಸುಕೋ ಪದವೇ.

ಅಂದ್ರೆ ಏನಾಯ್ತು? ಕೈ ತಿರುಗಿಸಿದಾಗ ಇಂಜಿನ್ನಿಗೆ ನಾವು ಏನೂ ತುರುಕ್ತಿಲ್ಲ, ಹಿಡಿದಿದ್ದ ಕತ್ತು ಸಡಿಲ ಬಿಡ್ತಿದೀವಿ, ಉಸಿರು ಅದೇ ಎಳ್ಕೊಳತ್ತೆ. ಕೈ ಬಿಟ್ರೆ ಸ್ಪ್ರಿಂಗು ಸ್ಲೈಡ್‌ನ, ಅಂದ್ರೆ ಕಾರ್ಬುರೇಟರ್ ಒಳಗೆ ಗಾಳಿ ದಾರಿ ಮುಚ್ಚೋ ತುಂಡನ್ನ, ಕೆಳಗೆ ತಳ್ಳಿ ಮತ್ತೆ ಹಿಸುಕತ್ತೆ.

ಇದನ್ನ ತೋರ್ಸೋಕೆ ಮೊದ್ಲು ಬಲೂನ್ ತಂದೆ, ಹುಡುಗ್ರು ಆಟ ಆಡ್ಕೊಂಡ್ರು. ಎಳನೀರು ಸ್ಟ್ರಾ ಟ್ರೈ ಮಾಡಿದೆ, ಮಡಚಿ ಹರೀತು. ಕೊನೆಗೆ ಗೇಣುದ್ದ ಹೊಸ ಪೆಟ್ರೋಲ್ ಪೈಪ್ ಬಾಯಿಗಿಟ್ಟು ಉಸಿರೆಳೀರೋ ಅಂದೆ, ಬೆರಳಲ್ಲಿ ಮಧ್ಯಕ್ಕೆ ಹಿಸುಕಿದೆ, ಕೆನ್ನೆ ಒಳಗೆ ಹೋಯ್ತು ನೋಡಿ, ಅಲ್ಲಿಗೆ ಅರ್ಥ ಆಯ್ತು. ಆಮೇಲೆ ಅದೇ ಪೈಪ್‌ಗೆ ಬ್ಲೇಡಲ್ಲಿ ಸಣ್ಣ ಗೀರು ಹಾಕಿ ಎಳೀರಿ ಅಂದೆ. ಹಿಸುಕಿದ್ರೂ ಉಸಿರು ಬರ್ತಿದೆ ಅಣ್ಣ ಅಂದ್ರು.

ಎರಡು ತಿಂಗಳಾದ್ಮೇಲೆ ಅದೇ ಕಂಪ್ಲೇಂಟ್‌ದು ಇನ್ನೊಂದು ಆರ್‌ಎಕ್ಸ್ ಬಂತು. ಬೇರೆ ಕಡೆ ಕೇಬಲ್ ಬದಲಾಯ್ಸಿ, ಕಾರ್ಬುರೇಟರ್‌ನೇ ಹೊಸದು ಹಾಕ್ಸಿ ಹತ್ರ ಹತ್ರ ನಾಲ್ಕು ಸಾವಿರ ಕಳ್ಕೊಂಡು ಬಂದಿದ್ರು. ನನ್ನ ಹುಡುಗ ಸ್ಕ್ರೂ ಮುಟ್ಲೇ ಇಲ್ಲ. ಕಾರ್ಬುರೇಟರ್‌ಗೂ ಸಿಲಿಂಡರ್‌ಗೂ ಮಧ್ಯೆ ಇರೋ ರಬ್ಬರ್‌ನ ಕೆಳಗಡೆ ಉಗುರಲ್ಲಿ ಬಿಡಿಸಿ ನೋಡಿ "ಅಣ್ಣ, ಇದ್ರ ಕತ್ತು ಕುಯ್ದಿದೆ" ಅಂದ. ಕೂದಲೆಳೆ ಸೀಳು, ಅಲ್ಲಿಂದ ಕಳ್ಳ ಗಾಳಿ. ಪೆಟ್ರೋಲ್ ಇಲ್ದೆ ಬರಿ ಗಾಳಿ ಹೋಗ್ತಿದ್ರೆ ಟೂ ಸ್ಟ್ರೋಕ್ ಸೀಜ್ ಆಗ್ದೆ ಏನಾಗತ್ತೆ. ಅನುಮಾನ ಇರೋ ಕಡೆ ಸ್ಪ್ರೇ ಹೊಡೆದು, ಇಂಜಿನ್ ಸೌಂಡ್ ಬದಲಾದ್ರೆ ಸೀಳು ಅಲ್ಲೇ ಅಂತ ಹುಡುಕೋದು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರೋದೇ, ಸ್ಪ್ರೇ ಇಲ್ದೆ ಕಿವೀಲೇ ಕಂಡುಹಿಡಿಯೋದು ಒಂದಿದೆ, ಅದು ನನ್ನ ಹೊಟ್ಟೆಪಾಡು, ಬರೆಯಲ್ಲ.

ಇದು ಗೆದ್ಮೇಲೆ ಎಲ್ಲಾ ಪದಕ್ಕೂ ಕೈ ಹಾಕಿದೆ. ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡೋಕೆ ಎಳೆಯೋ ಚೋಕ್ ಅಂದ್ರೂ ಉಸಿರು ಕಟ್ಸೋದೇ, ಆದ್ರೆ ಆರ್‌ಎಕ್ಸ್‌ನಲ್ಲಿ ಆ ಲಿವರ್ ಎಳೆದ್ರೆ ಗಾಳಿ ಮುಚ್ಚಲ್ಲ, ಬೇರೆ ದಾರೀಲಿ ಪೆಟ್ರೋಲ್ ಬಿಡತ್ತೆ, ಹೆಸರು ಮಾತ್ರ ಚೋಕ್, ಇದ್ರಲ್ಲಿ ಹುಡುಗ್ರು ಗಲಿಬಿಲಿ ಆದ್ರು. ಇಂಜಿನ್ ಸ್ಪೀಡನ್ನ ಒಂದೇ ಸಮ ಇಡೋ ಗವರ್ನರ್ ಅನ್ನೋ ಪದ ಪೂರ್ತಿ ಫೇಲ್. ಹಡಗಿನ ಚುಕ್ಕಾಣಿ ಹಿಡಿಯೋದು ಅನ್ನೋ ಗ್ರೀಕ್ ಮಾತಿಂದ ಬಂದಿದ್ದು, ಜೇಮ್ಸ್ ವಾಟ್ 1788ರಲ್ಲಿ ಸ್ಟೀಮ್ ಇಂಜಿನ್ನಿಗೆ ಗುಂಡು ತಿರುಗೋ ಗವರ್ನರ್ ಹಾಕ್ದ ಅಂತೆಲ್ಲಾ ಹೇಳಿದೆ, ರಾಜಭವನದಲ್ಲೂ ಗುಂಡು ತಿರುಗತ್ತಾ ಅಂತ ನಕ್ಕೊಂಡು ಟೀ ಕುಡಿಯೋಕೆ ಹೋದ್ರು.

ಲೇತ್‌ನವ್ರ ಮಗ ಮೊನ್ನೆ ಡೀಸೆಲ್ ಗಾಡೀಲೂ ಹಿಂಗೇನಾ ಅಂದ. ಹೆಚ್ಚಿನ ಹಳೇ ಡೀಸೆಲ್‌ನಲ್ಲಿ ಗಾಳಿ ತಡೆಯೋ ತಟ್ಟೆನೇ ಇರಲ್ಲ, ಪಂಪು ಎಷ್ಟು ಡೀಸೆಲ್ ಬಿಡತ್ತೋ ಅಷ್ಟೇ ಲೆಕ್ಕ ಅಂದೆ. ಹಂಗಾದ್ರೆ ಅದಕ್ಕೆ ಥ್ರಾಟಲ್ ಅಂತ ಯಾಕಂತಾರೆ ಅಂದ. ಸ್ಪ್ಯಾನರ್ ತಗೊಂಬಾ ಹೋಗು ಅಂದೆ.