ಎದೆ ಎಷ್ಟು ಗಟ್ಟಿ? ಅಳೆಯುವುದು ಹೀಗೆ

ಆಲೆಮನೆಯಲ್ಲಿ ಬೆಲ್ಲದ ಹದ ನೋಡುವವರು ಕುದಿಯುವ ಪಾಕವನ್ನು ತುಸು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಒಲೆಯಲ್ಲಿ ಉರಿ ಇಲ್ಲದಾಗ ಹದ ನೋಡುವವರಿಲ್ಲ. ಮನಸ್ಸಿನ ಗಟ್ಟಿತನದ ಅಳತೆಯೂ ಹಾಗೆಯೇ. ನಾಲೆ ತುಂಬಿ ಹರಿಯುವಾಗ ಮಂಡ್ಯದಲ್ಲಿ ಎಲ್ಲರೂ ಧೈರ್ಯವಂತರೇ. ನೀರು ನಿಂತು, ಕಬ್ಬಿನ ಹಣ ಕೈಸೇರದೆ, ಮಗಳ ಕಾಲೇಜು ಶುಲ್ಕದ ಕೊನೆಯ ದಿನ ಹತ್ತಿರ ಬಂದ ವಾರದಲ್ಲಿ ನೋಟ್‌ಬುಕ್ ತೆರೆಯಿರಿ.

ಮೊದಲು ಹೊರೆಯನ್ನು ತೂಗಬೇಕು, ಆಮೇಲೆ ಹೊರುವವರನ್ನು. ಹೊರೆಗೆ ಅಮೆರಿಕದ ಮನಃಶಾಸ್ತ್ರಜ್ಞ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಒತ್ತಡ ಮಾಪನವಿದೆ. ಈಗ ಹೆಚ್ಚು ಬಳಕೆಯಲ್ಲಿರುವುದು ಅದರ ಹತ್ತು ಪ್ರಶ್ನೆಗಳ ರೂಪ. ಕಳೆದ ಒಂದು ತಿಂಗಳಲ್ಲಿ ಪರಿಸ್ಥಿತಿ ಕೈಮೀರಿದೆ ಎಂದು ಎಷ್ಟು ಸಲ ಅನ್ನಿಸಿತು ಎಂಬಂಥ ಪ್ರಶ್ನೆಗಳಿಗೆ 0ಯಿಂದ 4ರವರೆಗೆ ಅಂಕ, ಗರಿಷ್ಠ 40. ಹತ್ತರಲ್ಲಿ ನಾಲ್ಕು ಪ್ರಶ್ನೆಗಳು ಒಳ್ಳೆಯದನ್ನೇ ಕೇಳುತ್ತವೆ. ಅವುಗಳ ಅಂಕವನ್ನು ತಿರುಗಿಸಿ ಕೂಡಬೇಕು: 4 ಇದ್ದರೆ 0, 3 ಇದ್ದರೆ 1. ಇದನ್ನು ಮರೆತರೆ ನೆಮ್ಮದಿಯಿಂದಿರುವವರ ಲೆಕ್ಕದಲ್ಲೂ ಒತ್ತಡ ಉಬ್ಬಿ ಕಾಣುತ್ತದೆ. ಮೊಬೈಲ್‌ನಲ್ಲಿ ಅನುವಾದಿಸಿಕೊಂಡು ತುಂಬುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಇನ್ನು ಗಟ್ಟಿತನ. ಅಮೆರಿಕದ ಮನಃಶಾಸ್ತ್ರಜ್ಞೆ ಸುಝೇನ್ ಕೊಬಾಸಾ 1979ರಲ್ಲಿ ಕೇಳಿದ ಪ್ರಶ್ನೆ ಸರಳವಾಗಿತ್ತು: ಒಂದೇ ಬಗೆಯ ಒತ್ತಡದಲ್ಲಿದ್ದ ಅಧಿಕಾರಿಗಳಲ್ಲಿ ಕೆಲವರು ಕಾಯಿಲೆ ಬಿದ್ದರು, ಕೆಲವರು ಬೀಳಲಿಲ್ಲ, ಯಾಕೆ? ಅವರಿಗೆ ಕಂಡದ್ದು ಮೂರು ಎಳೆ. ಮಾಡುವ ಕೆಲಸದಲ್ಲಿ, ಸುತ್ತಲಿನ ಜನರಲ್ಲಿ ಮನಸ್ಸಿಡುವುದು ಒಂದು. ನನ್ನ ಪ್ರಯತ್ನದಿಂದ ಏನಾದರೂ ಆದೀತು ಎಂಬ ಹಿಡಿತದ ಭಾವ ಎರಡನೆಯದು. ಬದಲಾವಣೆಯನ್ನು ಬೆದರಿಕೆಯೆಂದಷ್ಟೇ ನೋಡದೆ ಸವಾಲೆಂದು ತೆಗೆದುಕೊಳ್ಳುವುದು ಮೂರನೆಯದು. ಮುಂದೆ ಪಾಲ್ ಬಾರ್ಟೋನ್ ರೂಪಿಸಿದ ಚಿಕ್ಕ ಮಾಪನದಲ್ಲಿ ಹದಿನೈದು ಹೇಳಿಕೆಗಳಿವೆ. ಎಳೆಗೆ ಐದರಂತೆ, ಒಂದೊಂದಕ್ಕೆ 0ಯಿಂದ 3, ಒಟ್ಟು 45. ಇದರಲ್ಲೂ ತಿರುಗಿಸಬೇಕಾದ ಹೇಳಿಕೆಗಳುಂಟು.

ಒಟ್ಟು ಅಂಕಕ್ಕಿಂತ ಮೂರು ಎಳೆಗಳನ್ನು ಬೇರೆ ಬೇರೆಯಾಗಿ ಬರೆದಿಡುವುದೇ ಮೇಲು. ಹಿಡಿತ ಎಂದೊಡನೆ ನಮ್ಮ ಕಡೆಯ ರೈತರು ನಗುತ್ತಾರೆ: ಕನ್ನಂಬಾಡಿಯ ತೂಬು ನನ್ನ ಕೈಯಲ್ಲಿದೆಯೇ? ಇಲ್ಲ, ಪ್ರಶ್ನೆ ತೂಬಿನದಲ್ಲ. ನೀರು ಬಾರದಿದ್ದರೆ ಭತ್ತ ಬಿಟ್ಟು ರಾಗಿಗೆ ಹೊರಳುವ ತೀರ್ಮಾನ ನನ್ನದು ಎನ್ನಿಸುತ್ತದೆಯೇ ಎಂಬುದು. ಹಾಗೆಯೇ, ಹಲ್ಲು ಕಚ್ಚಿ ಸಹಿಸುವುದನ್ನೇ ನಾವು ಗಟ್ಟಿತನ ಎಂದು ಹೊಗಳುತ್ತೇವೆ. ಯಾರಿಗೂ ಹೇಳದೆ ಒಳಗೇ ಕುದಿಯುವವರು ಹಿಡಿತದಲ್ಲಿ ಹೆಚ್ಚು ಅಂಕ ಪಡೆದರೂ ಮೊದಲ ಎಳೆಯಲ್ಲಿ ಕುಸಿದಿರಬಹುದು. ಒಟ್ಟು ಅಂಕ ಅದನ್ನು ಮುಚ್ಚಿಡುತ್ತದೆ.

ಮೂರನೆಯ ಕೆಲಸಕ್ಕೆ ಪ್ರಶ್ನಾವಳಿ ಬೇಕಿಲ್ಲ. ಒಂದು ವಾರ, ಮಲಗುವ ಮುನ್ನ ಎರಡು ಸಾಲು: ಇಂದು ಏನು ಕಾಡಿತು, ನಾನು ಏನು ಮಾಡಿದೆ. ಮನಃಶಾಸ್ತ್ರಜ್ಞರಾದ ಲಜಾರಸ್ ಮತ್ತು ಫೋಕ್‌ಮನ್ 1984ರಲ್ಲಿ ವಿವರಿಸಿದಂತೆ ನಿಭಾಯಿಸುವ ದಾರಿ ಮುಖ್ಯವಾಗಿ ಎರಡು: ತೊಂದರೆಗೇ ಕೈಹಾಕುವುದು, ಇಲ್ಲವೇ ತೊಂದರೆ ತಂದ ಸಂಕಟವನ್ನು ಶಮನ ಮಾಡಿಕೊಳ್ಳುವುದು. ಬ್ಯಾಂಕಿಗೆ ಹೋಗಿ ಕಂತಿನ ಗಡುವು ಕೇಳಿದ್ದು ಮೊದಲನೆಯದು. ಅಕ್ಕನ ಮನೆಯಲ್ಲಿ ಕೂತು ಅತ್ತು ಹಗುರಾದದ್ದು ಎರಡನೆಯದು. ಎರಡನೆಯದನ್ನು ಕೀಳೆಂದು ಎಣಿಸಬೇಡಿ. ಬಾರದ ಮಳೆಗೆ ಅರ್ಜಿ ಬರೆದು ಫಲವಿಲ್ಲ. ಬ್ಯಾಂಕಿನಿಂದ ಬಂದ ಕರೆಯನ್ನು ಕತ್ತರಿಸಿದ್ದು, ಸಂಜೆ ಬಾಟಲಿ ತೆರೆದದ್ದು ತೊಂದರೆಯಿಂದ ತಪ್ಪಿಸಿಕೊಂಡದ್ದು; ಅದನ್ನು ಮಾತ್ರ ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ.

ಮನಸ್ಸನ್ನು ಅಳೆಯುವ ವಿದ್ಯೆ ಈ ಸೀಮೆಗೆ ಹೊಸದೇನಲ್ಲ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಕಟ್ಟಿದರು. ಮನೆಯಲ್ಲೇ ಬಾನುಲಿ ಕೇಂದ್ರ ತೆರೆದವರೂ ಇವರೇ. ಆದರೆ ಮನೆಯಲ್ಲಿ ತುಂಬಿದ ಹಾಳೆ ರೋಗನಿರ್ಣಯವಲ್ಲ. ನಿದ್ದೆ, ಊಟ ಎರಡು ವಾರ ಕೆಟ್ಟಿದ್ದರೆ ಅಥವಾ ಬದುಕು ಸಾಕೆನಿಸಿದ್ದರೆ ಅಂಕ ಕೂಡುತ್ತ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಉಳಿದವರು ಹಾಳೆಗೆ ದಿನಾಂಕ ಹಾಕಿ ಮಡಚಿಡಿ. ನಾಲೆಗೆ ನೀರು ಬಿಟ್ಟ ಮೇಲೆ ಹೊಸ ಹಾಳೆ ತುಂಬಿ, ಹಳೆಯದನ್ನು ಆಮೇಲೆ ಬಿಚ್ಚಿ ನೋಡಿ.